ವಿಷ್ಣುಕ್ರಾಂತಿ ಮತ್ತು ವಿಜಯನಗರದ ನೆಲ

ವಿಷ್ಣುಕ್ರಾಂತಿ ನೆಲಕ್ಕೆ ಅಂಟಿಕೊಂಡೇ ಬೆಳೆಯುವ, ನೀಲಿ ಹೂವಿನ ಪುಟ್ಟ ಕಾಡುಗಿಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಇವಾಲ್ವುಲಸ್ ಆಲ್ಸಿನಾಯ್ಡಿಸ್. ಸಿಹಿಗೆಣಸಿನ ಕುಟುಂಬದ್ದಾದರೂ ಅದರ ಬಳ್ಳಿಗಳಂತೆ ಇದು ಯಾವುದನ್ನೂ ಸುತ್ತಿ ಹತ್ತುವುದಿಲ್ಲ. ಗಡುಸಾದ ಬೇರಿನ ತಲೆಯಿಂದ ತೆಳ್ಳನೆಯ ಕಾಂಡಗಳು ಸುತ್ತಲೂ ಹರಡುತ್ತವೆ. ಎಲೆ, ಕಾಂಡಗಳ ಮೇಲೆಲ್ಲ ರೇಷ್ಮೆಯಂಥ ನವಿರು ರೋಮ. ದಾರದಷ್ಟು ಸಣ್ಣ ತೊಟ್ಟಿನ ತುದಿಯಲ್ಲಿ ಅರಳುವ ಹೂವು ಒಂದು ಸೆಂಟಿಮೀಟರಿಗಿಂತ ಕಿರಿದು. ಬೆಳಗ್ಗೆ ಅರಳಿದ್ದು ಬಿಸಿಲೇರಿದಂತೆ ಮುದುಡುತ್ತದೆ. ಮಧ್ಯಾಹ್ನ ಹುಡುಕುವವರಿಗೆ ಗಿಡ ಕಾಲಡಿಯಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಮೈಸೂರಿನ ಪಶ್ಚಿಮಕ್ಕೆ, ಹುಣಸೂರು ರಸ್ತೆಯ ಹಿನಕಲ್ ಗ್ರಾಮದ ಸುತ್ತಲಿನ, ಈಗ ವಿಜಯನಗರ ಬಡಾವಣೆಯಾಗಿರುವ ನೆಲ ಇಂಥ ಗಿಡಕ್ಕೆ ಹೇಳಿ ಮಾಡಿಸಿದಂತಿತ್ತು. ಗರಸು ಬೆರೆತ ಕೆಂಪು ಮಣ್ಣು, ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ರಾಗಿ, ಹುರುಳಿಯ ಬೆದ್ದಲು ಹೊಲಗಳ ನಡುವೆ ಬದುಗಳು, ಕಲ್ಲುದಿಣ್ಣೆಗಳು, ಗೋಮಾಳಗಳು. ದನ, ಕುರಿಗಳು ಹುಲ್ಲನ್ನು ಎತ್ತರಕ್ಕೆ ಏಳಲು ಬಿಡದ ಕಡೆ ವಿಷ್ಣುಕ್ರಾಂತಿಗೆ ಬೆಳಕು ದಕ್ಕುತ್ತದೆ. ಬಂಜರು ಎಂದು ಬರೆದಿಡುವ ನೆಲವೇ ಇದರ ಮನೆ.

ಗಿಡದ ಲಿಖಿತ ಚರಿತ್ರೆಯೂ ಹಳೆಯದು. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನ್ ಮೊದಲಾದ ನಾಟಿ ವೈದ್ಯರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ 11ನೇ ಸಂಪುಟದಲ್ಲಿ ಇದರ ಚಿತ್ರವಿದೆ. ಆ ಸಂಪುಟ ಅಚ್ಚಾದದ್ದು 1692ರಲ್ಲಿ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನು ಕನ್ವಾಲ್ವುಲಸ್ ಕುಲದಲ್ಲಿಟ್ಟು, 1762ರಲ್ಲಿ ಇವಾಲ್ವುಲಸ್ ಕುಲಕ್ಕೆ ಸೇರಿಸಿದ. ಮೈಸೂರು ಜಿಲ್ಲೆಯ ಕಾಡುಗಿಡಗಳನ್ನೆಲ್ಲ ಒಂದೆಡೆ ದಾಖಲಿಸುವ ದೊಡ್ಡ ಕೆಲಸವನ್ನು ಆರ್. ರಾಘವೇಂದ್ರ ರಾವ್ ಮತ್ತು ಬಿ.ಎ. ರಾಜಿ ಮಾಡಿದರು, ಅವರ ಸಸ್ಯಸಂಪುಟ 1981ರಲ್ಲಿ ಪ್ರಕಟವಾಯಿತು.

ಪುಸ್ತಕಗಳಿಗಿಂತ ಹೆಚ್ಚಾಗಿ ಗಿಡವನ್ನು ಜನರ ನೆನಪಿನಲ್ಲಿ ಉಳಿಸಿದ್ದು ಪೂಜೆ ಮತ್ತು ಮದ್ದು. ಗಣೇಶನಿಗೆ ಏರಿಸುವ 21 ಪತ್ರೆಗಳ ಪಟ್ಟಿಯಲ್ಲಿ ಗರಿಕೆ, ಬಿಲ್ವ, ಉತ್ತರಾಣಿ, ಎಕ್ಕಗಳ ಜೊತೆ ವಿಷ್ಣುಕ್ರಾಂತಿಗೂ ಸ್ಥಾನವಿದೆ. ಗಣೇಶನ ಹಬ್ಬ ಬರುವ ಭಾದ್ರಪದದ ಹೊತ್ತಿಗೆ ಮುಂಗಾರು ಮಳೆಗೆ ಚಿಗುರಿದ ಗಿಡ ಬಯಲಿನಲ್ಲಿ ಕೈಗೆ ಸಿಗುವಂತಿರುತ್ತದೆ. ಕೇರಳದ ದಶಪುಷ್ಪಗಳಲ್ಲಿಯೂ ಇದು ಒಂದು. ಜ್ವರಕ್ಕೂ ಜ್ಞಾಪಕಶಕ್ತಿಗೂ ಇದನ್ನು ಕೊಡುವ ರೂಢಿ ಇದೆ. ಆದರೆ ಹೆಸರಿನ ಗೊಂದಲ ಇಲ್ಲಿ ಚಿಕ್ಕದಲ್ಲ: ಆಯುರ್ವೇದದ ನಿಘಂಟುಗಳು ಶಂಖಪುಷ್ಪದ ಬಳ್ಳಿಯನ್ನೂ ವಿಷ್ಣುಕ್ರಾಂತಾ ಎನ್ನುತ್ತವೆ; ಶಂಖಪುಷ್ಪಿ ಎಂಬ ಔಷಧಿಯ ಹೆಸರಿನಲ್ಲಿ ಕನ್ವಾಲ್ವುಲಸ್, ವಿಷ್ಣುಕ್ರಾಂತಿ ಎರಡೂ ಮಾರಾಟವಾಗುತ್ತವೆ. ಹೂವನ್ನು ನೋಡದೆ ಒಣಗಿದ ಗಿಡವನ್ನು ಮದ್ದೆಂದು ಕೊಳ್ಳುವುದು ಸರಿಯಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಿನಕಲ್ ಸುತ್ತಲಿನ ಹೊಲ, ಬಯಲುಗಳು ವಿಜಯನಗರ ಬಡಾವಣೆಯಾಗಿ ನಾಲ್ಕು ಹಂತಗಳಲ್ಲಿ ಹರಡಿಕೊಂಡವು. ಅಗಲವಾದ ರಸ್ತೆ, ಉದ್ಯಾನ, ನೀರಿನ ಸೌಕರ್ಯ ಬಂದವು; ಸಾವಿರಾರು ಕುಟುಂಬಗಳಿಗೆ ಸ್ವಂತ ಮನೆಯಾಯಿತು. ಗಿಡದ ಪಾಲಿಗೆ ಉಳಿದದ್ದು ಖಾಲಿ ಸೈಟು ಮತ್ತು ರಸ್ತೆಯಂಚು. ಅಲ್ಲಿಯೂ ದನ ಮೇಯುವುದು ನಿಂತ ಮೇಲೆ ಹುಲ್ಲು ಎತ್ತರಕ್ಕೆ ಏಳುತ್ತದೆ. ಭಾರತದಲ್ಲಿ 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ ಕಳೆ, ಅಗೆದು ಬಿಟ್ಟ ಮಣ್ಣನ್ನೆಲ್ಲ ಆವರಿಸುತ್ತದೆ. ಅಂಗೈ ಎತ್ತರದ ಗಿಡಕ್ಕೆ ಆ ನೆರಳೇ ಸಾಕು ಸೊರಗಲು.

ನರ್ಸರಿಗಳಲ್ಲಿ ಸಿಗುವ, ಕುಂಡಗಳಲ್ಲಿ ತುಂಬಿ ಅರಳುವ ದೊಡ್ಡ ನೀಲಿ ಹೂವು ಇದೇ ಕುಲದ ಇನ್ನೊಂದು ಪ್ರಭೇದ, ದಕ್ಷಿಣ ಅಮೆರಿಕದ್ದು. ಊರಿನ ವಿಷ್ಣುಕ್ರಾಂತಿಗೆ ಗೊಬ್ಬರವೂ ಹುಲ್ಲುಹಾಸೂ ಬೇಡ. ಉದ್ಯಾನದ ಒಂದು ಮೂಲೆಯ ಗರಸು ನೆಲವನ್ನು ಅಗೆಯದೆ ಬಿಟ್ಟು, ಎತ್ತರದ ಕಳೆಯನ್ನಷ್ಟೇ ಕಿತ್ತರೆ ಸಾಕು. ಹಬ್ಬಕ್ಕೆ ಪತ್ರೆ ಕೊಯ್ಯುವವರು ಬೇರನ್ನು ಬಿಟ್ಟು ತುದಿಯನ್ನು ಮಾತ್ರ ಚಿವುಟಲಿ.