ಆವಿತಂಪಿನಲ್ಲಿ ತರಕಾರಿ ಸಂಗ್ರಹ: ಇತಿಹಾಸ

ಒದ್ದೆಯಾದ ಮಣ್ಣಿನ ಪಾತ್ರೆ, ಇಟ್ಟಿಗೆಗೋಡೆ ಅಥವಾ ಬಟ್ಟೆಯ ಮೇಲಿಂದ ನೀರು ಆವಿಯಾಗುವಾಗ ಹುಟ್ಟುವ ತಂಪಿನಲ್ಲಿ, ವಿದ್ಯುತ್ತಿನ ನೆರವಿಲ್ಲದೆ ತರಕಾರಿಯನ್ನು ಕೆಡದಂತೆ ಇರಿಸುವ ಕ್ರಮಕ್ಕೆ ಆವಿತಂಪಿನ ಸಂಗ್ರಹ ಎನ್ನಬಹುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕಾಗುತ್ತದೆ. ಅದನ್ನು ನೀರು ಪಾತ್ರೆಯಿಂದಲೂ ಸುತ್ತಲಿನ ಗಾಳಿಯಿಂದಲೂ ಹೀರಿಕೊಳ್ಳುವುದರಿಂದ ಒಳಗಿನ ಉಷ್ಣತೆ ಇಳಿದು ತೇವಾಂಶ ಏರುತ್ತದೆ. ಕೊಯ್ದ ಮೇಲೂ ತರಕಾರಿ ಉಸಿರಾಡುತ್ತಲೇ ಇದ್ದು, ಒಳಗಿನ ನೀರನ್ನು ಕಳೆದುಕೊಂಡು ಬಾಡುತ್ತದೆಯಾದ್ದರಿಂದ ಅದರ ಬಾಳಿಕೆಗೆ ತಂಪಿನಷ್ಟೇ ತೇವವೂ ಮುಖ್ಯ.

ಈ ವಿಧಾನಕ್ಕೆ ನಾಲ್ಕೈದು ಸಾವಿರ ವರ್ಷಗಳ ಚರಿತ್ರೆಯಿದೆ ಎಂಬ ಮಾತು ಜನಪ್ರಿಯ ಬರಹಗಳಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಆಧಾರವಾಗಿ ಮುಂದಿಡುವುದು ನೀರಿನ ಗಡಿಗೆಗಳಿಗೆ ಗಾಳಿ ಬೀಸುತ್ತಿರುವವರದೆನ್ನಲಾದ ಪ್ರಾಚೀನ ಈಜಿಪ್ಟಿನ ಚಿತ್ರಗಳನ್ನು. ಕ್ರಿ.ಶ. 200ರ ಸುಮಾರಿನ ಗ್ರೀಕ್ ಲೇಖಕ ಅಥಿನೇಯಸ್ ತನ್ನ ‘ಡೈಪ್ನೊಸೊಫಿಸ್ಟೆ’ ಗ್ರಂಥದಲ್ಲಿ, ಗಡಿಗೆಗಳನ್ನು ರಾತ್ರಿ ಎತ್ತರದ ಜಾಗದಲ್ಲಿಟ್ಟು ಹುಡುಗರು ಬೆಳಗಿನವರೆಗೂ ಹೊರಮೈಗೆ ನೀರು ಹಾಕುತ್ತಿದ್ದ ವಾಡಿಕೆಯನ್ನು ಹಿಂದಿನ ಲೇಖಕನೊಬ್ಬನ ಮಾತಿನಂತೆ ದಾಖಲಿಸಿದ್ದಾನೆ. ಆದರೆ ಇವೆಲ್ಲ ಕುಡಿಯುವ ನೀರನ್ನು ತಣಿಸುವ ಸಂಗತಿಗಳೇ ಹೊರತು ತರಕಾರಿಯ ಸಂಗ್ರಹಕ್ಕೆ ಸಂಬಂಧಿಸಿದವಲ್ಲ. ಭಾರತದ ಆಧಾರಗಳಲ್ಲಿಯೂ ಇದೇ ಬಗೆಯ ಕಲಬೆರಕೆಯಿದೆ: ಅಬುಲ್ ಫಜಲ್‌ನ ‘ಐನ್-ಇ-ಅಕ್ಬರಿ’ ವಿವರಿಸುವುದು ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಶಾಖ ಹೀರುವ ಗುಣವನ್ನು, ಅಂದರೆ ಆವಿಯಾಗುವಿಕೆಗಿಂತ ಬೇರೆಯೇ ಆದ ಕ್ರಿಯೆಯನ್ನು, ಲಾವಂಚದ ಒದ್ದೆ ತಟ್ಟಿಗಳಾದರೋ ಆವಿಯಿಂದಲೇ ತಂಪು ಕೊಡುತ್ತಿದ್ದರೂ ತಣಿಸುತ್ತಿದ್ದುದು ಜನ ವಾಸಿಸುವ ಕೋಣೆಗಳನ್ನು. ತತ್ತ್ವ ಹಳೆಯದೆಂಬುದರಲ್ಲಿ ಸಂದೇಹವಿಲ್ಲ. ತರಕಾರಿಗೆಂದೇ ರೂಪಿಸಿದ, ಅಳೆದು ಪರೀಕ್ಷಿಸಿದ ಸಾಧನಗಳ ದಾಖಲೆ ಮಾತ್ರ 20ನೆಯ ಶತಮಾನಕ್ಕೆ ಸೇರಿದುದು.

ಮನೆಬಳಕೆಯ ವಿದ್ಯುತ್ ಫ್ರಿಜ್ ಅಮೆರಿಕದಲ್ಲಿ 1920ರ ದಶಕದಲ್ಲಿ ಹರಡಿತು. ಭಾರತದಲ್ಲಿ ಗೋದ್ರೆಜ್ ಸಂಸ್ಥೆ 1958ರಲ್ಲಿ ಅದನ್ನು ತಯಾರಿಸಿತು. ಅದು ಕೈಗೆಟುಕದ ಮನೆಗಳಿಗಾಗಿ ಭಾರತದ ಆಹಾರ ಮತ್ತು ಪೋಷಣಾ ಮಂಡಳಿಯು ‘ಜನತಾ ಕೂಲರ್’ ಎಂಬ ಸರಳ ಸಾಧನವನ್ನು ರೂಪಿಸಿತು: ನೀರು ತುಂಬಿದ ಅಗಲ ಬಾಯಿಯ ಮಣ್ಣಿನ ಬೋಗುಣಿಯಲ್ಲಿ ಗಡಿಗೆಯನ್ನು ಕೂರಿಸಿ, ಅಂಚು ನೀರಿನಲ್ಲಿ ಅದ್ದಿರುವಂತೆ ಒದ್ದೆ ಬಟ್ಟೆ ಹೊದಿಸಿದರೆ, ಬಟ್ಟೆ ತಾನೇ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ.

ನಿಜವಾದ ತಿರುವು 1980ರ ದಶಕದ ಆರಂಭದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಕೆ. ರಾಯ್ ಮತ್ತು ಡಿ. ಎಸ್. ಖುರ್ದಿಯಾ ರೂಪಿಸಿದ ‘ಶೂನ್ಯಶಕ್ತಿ ಶೀತಕೋಣೆ’ಯಿಂದ ಬಂದಿತೆನ್ನಬೇಕು. 165 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲದ ಇಟ್ಟಿಗೆ ಹಾಸಿನ ಮೇಲೆ 67.5 ಸೆಂ.ಮೀ. ಎತ್ತರಕ್ಕೆ ಜೋಡಿ ಗೋಡೆ ಎಬ್ಬಿಸಿ, ನಡುವಿನ 7.5 ಸೆಂ.ಮೀ. ಸಂದಿಗೆ ಹೊಳೆಮರಳು ತುಂಬಿ, ಬೆಳಗ್ಗೆ ಸಂಜೆ ನೀರುಣಿಸಿ, ಮೇಲೆ ಹುಲ್ಲಿನ ಮುಚ್ಚಳ ಹಾಕಿದರೆ ಸುಮಾರು 100 ಕಿಲೋ ಕಾಯಿಪಲ್ಲೆ ಇಡುವ ಕೋಣೆ ಸಿದ್ಧವಾಗುತ್ತದೆ. ಬೇಸಿಗೆಯಲ್ಲಿ ಇದರೊಳಗಿನ ಉಷ್ಣತೆ ಹೊರಗಿನದಕ್ಕಿಂತ 10ರಿಂದ 15 ಡಿಗ್ರಿ ಸೆಲ್ಸಿಯಸ್ ಕಡಿಮೆಯಿದ್ದು, ತೇವಾಂಶ ಶೇ. 90ರ ಆಸುಪಾಸಿನಲ್ಲಿರುತ್ತದೆಂದು ವರದಿಯಾಗಿದೆ. ಫ್ರಿಜ್ಜಿನ ಅತಿಶೀತಕ್ಕೆ ಮೈಮೇಲೆ ಕುಳಿ ಬೀಳುವ ಬದನೆ, ರುಚಿಗೆಡುವ ಟೊಮೇಟೊಗಳಿಗೆ ಈ ಹದ ಹೊಂದುತ್ತದೆ.

ಇಷ್ಟಾದರೂ ಜಗತ್ತಿನ ಗಮನ ಸೆಳೆದದ್ದು 1995ರಲ್ಲಿ ನೈಜೀರಿಯದ ಅಧ್ಯಾಪಕ ಮೊಹಮ್ಮದ್ ಬಾ ಅಬ್ಬಾ ಮುಂದಿಟ್ಟ ‘ಗಡಿಗೆಯೊಳಗೊಂದು ಗಡಿಗೆ’. ಎರಡು ಗಡಿಗೆಗಳ ನಡುವೆ ಒದ್ದೆ ಮರಳು ತುಂಬಿದ ಈ ಸಾಧನದಲ್ಲಿ ಬದನೆ ಮೂರು ದಿನದ ಬದಲು 27 ದಿನ ಉಳಿಯಿತೆಂಬ ವರದಿಯೊಂದಿಗೆ ಅವರಿಗೆ 2000ದ ರೋಲೆಕ್ಸ್ ಪ್ರಶಸ್ತಿ ಸಂದಿತು. ತತ್ತ್ವ ಹೊಸದಲ್ಲವಾದ್ದರಿಂದ ಅವರನ್ನು ಇದರ ಮೂಲಶೋಧಕರೆನ್ನುವುದು ಸಡಿಲವಾದ ಮಾತು. ಕೆಲಸವಿಲ್ಲದ ಕುಂಬಾರರಿಂದ ಮೊದಲ 5,000 ಗಡಿಗೆಗಳನ್ನು ಮಾಡಿಸಿ ಉಚಿತವಾಗಿ ಹಂಚಿದ್ದು, ಓದುಬರಹ ಬಾರದವರಿಗೆ ನಾಟಕದ ಚಿತ್ರೀಕರಣದ ಮೂಲಕ ಅದರ ಬಳಕೆಯನ್ನು ತಿಳಿಸಿದ್ದು ಅವರ ನಿಜವಾದ ಸಾಧನೆ. ಗುಜರಾತಿನ ವಾಂಕಾನೇರದ ಮನ್ಸುಖ್‌ಭಾಯಿ ಪ್ರಜಾಪತಿ 2005ರಲ್ಲಿ ಮಾರುಕಟ್ಟೆಗೆ ತಂದ ಮಣ್ಣಿನ ಫ್ರಿಜ್ ‘ಮಿಟ್ಟಿಕೂಲ್’ನಲ್ಲಿ, ಮೇಲಿನ ತೊಟ್ಟಿಯಿಂದ ಜಿನುಗುವ ನೀರು ಗೋಡೆಗಳನ್ನು ತಣಿಸುತ್ತದೆ.

ಪ್ರಚಾರದ ಭರದಲ್ಲಿ ಮರೆಯಾದ ಮಿತಿಗಳನ್ನು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಡಿ-ಲ್ಯಾಬ್ ಮತ್ತು ವಿಶ್ವ ತರಕಾರಿ ಕೇಂದ್ರಗಳು ಮಾಲಿ ದೇಶದಲ್ಲಿ ಕೈಗೊಂಡು 2018ರಲ್ಲಿ ಪ್ರಕಟಿಸಿದ ಅಧ್ಯಯನದಂಥ ಕೆಲಸಗಳು ಮುನ್ನೆಲೆಗೆ ತಂದವು. ಗಾಳಿಯ ತೇವಾಂಶ ಶೇ. 40ಕ್ಕಿಂತ ಕಡಿಮೆಯಿದ್ದು, ಹಗಲಿನ ಉಷ್ಣತೆ 25 ಡಿಗ್ರಿ ದಾಟಿ, ಗಾಳಿಯಾಡುವ ನೆರಳೂ ಸಾಕಷ್ಟು ನೀರೂ ಇರುವಲ್ಲಿ ಈ ಸಾಧನಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಹೀಗಾಗಿ ರಾಯಚೂರು, ಕಲಬುರಗಿಗಳ ಒಣ ಬೇಸಿಗೆಗೆ ಇವು ಹೊಂದುತ್ತವೆಯೇ ವಿನಾ ಗಾಳಿಯೇ ನೀರು ಕುಡಿದಂತಿರುವ ಕರಾವಳಿಯ ಮಳೆಗಾಲಕ್ಕಲ್ಲ. ಅಲ್ಲಿನ ಮನೆಗಳಲ್ಲಿ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನಡಿ ತೂಗುಹಾಕುವ, ಹಲಸಿನ ಸೊಳೆಯನ್ನು ಭರಣಿಯ ಉಪ್ಪಿನಲ್ಲಿಡುವ ಕ್ರಮಗಳೇ ನೆಲೆಗೊಂಡಿವೆ. ಈರುಳ್ಳಿ, ಬೆಳ್ಳುಳ್ಳಿಗಳನ್ನು ಯಾವ ಸೀಮೆಯಲ್ಲಾದರೂ ಒದ್ದೆ ಗಡಿಗೆಯಲ್ಲಿಡುವಂತಿಲ್ಲ. ತೇವದಲ್ಲಿ ಅವು ಬೇರೊಡೆದು ಕೊಳೆಯುವುದರಿಂದ ಒಣ ಗಾಳಿಯಾಡುವ ಜಾಗವೇ ಅವಕ್ಕೆ ತಕ್ಕದ್ದು.