ಬಫಲೋ ಕ್ರೀಕ್ ಡ್ಯಾಂ ದುರಂತ: 'ದೇವರ ಕೆಲಸ' ಅಂದ ಕಂಪನಿಗೆ ಎದುರು ನಿಂತ ಎರಡು ಸಾಕ್ಷ್ಯಚಿತ್ರಗಳು

ಅಂಗಡಿಗೋ ಗೋಡೌನಿಗೋ ಇನ್ಶೂರೆನ್ಸ್ ಮಾಡಿಸಿದವರಿಗೆ 'ಆ್ಯಕ್ಟ್ ಆಫ್ ಗಾಡ್' ಅನ್ನೋ ಮಾತು ಹೊಸದಲ್ಲ. ಸಿಡಿಲು, ಭೂಕಂಪ, ಪ್ರವಾಹದಂತೆ ಯಾರ ಕೈಯಲ್ಲೂ ಇಲ್ಲದ ಘಟನೆ ಅಂತ ಅರ್ಥ. ಕೇಳೋಕೆ ಭಕ್ತಿಯ ಮಾತಿನಂತಿದೆ. ಆದರೆ ನಷ್ಟ ಯಾರು ಕೊಡಬೇಕು ಅನ್ನೋ ಪ್ರಶ್ನೆ ಬಂದಾಗ ಇದರ ತೂಕವೇ ಬೇರೆ. ಮಾಡಿದವನು ದೇವರು ಅಂತಾದರೆ ಮನುಷ್ಯ ಪರಿಹಾರ ಕೊಡಬೇಕಿಲ್ಲ.

1972ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಒಂದು ಡ್ಯಾಂ ಒಡೆದು 125 ಜನ ಸತ್ತಾಗ ಕಲ್ಲಿದ್ದಲು ಕಂಪನಿ ಹಿಡಿದುಕೊಂಡದ್ದು ಇದೇ ಮಾತನ್ನು. ಮೂರು ವರ್ಷದ ನಂತರ, ಅಂದರೆ 1975ರಲ್ಲಿ, ಆ ದುರಂತದ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು. ಹೆಸರು 'ದಿ ಬಫಲೋ ಕ್ರೀಕ್ ಫ್ಲಡ್: ಆ್ಯನ್ ಆ್ಯಕ್ಟ್ ಆಫ್ ಮ್ಯಾನ್'. ಮನುಷ್ಯ ಮಾಡಿದ ಕೆಲಸ ಅಂತ. ಕಂಪನಿಗೆ ಕೊಟ್ಟ ಉತ್ತರ ಹೆಸರಿನಲ್ಲೇ ಇದೆ.

ಡ್ಯಾಂ ಅಂದರೆ ಎಂಥ ಡ್ಯಾಂ?

ಡ್ಯಾಂ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಕಲ್ಲು, ಗಾರೆ, ಕ್ರೆಸ್ಟ್ ಗೇಟು. ಇಲ್ಲಿ ಅದ್ಯಾವುದೂ ಇರಲಿಲ್ಲ. ಗಣಿಯಿಂದ ತೆಗೆದ ಕಲ್ಲಿದ್ದಲನ್ನು ತೊಳೆಯುತ್ತಾರೆ. ತೊಳೆದ ಮೇಲೆ ಉಳಿಯೋದು ಎರಡು: ಕಲ್ಲು-ಮಣ್ಣಿನ ಕಸ, ಮತ್ತು ಕಪ್ಪು ಕೆಸರು ನೀರು. ಬಫಲೋ ಕ್ರೀಕ್ ಹಳ್ಳದ ಮೇಲ್ಭಾಗದ ಮಿಡಲ್ ಫೋರ್ಕ್ ಎಂಬಲ್ಲಿ ಕಂಪನಿ ದಿನಕ್ಕೆ ಸುಮಾರು 1,000 ಟನ್ ಕಸ ಸುರಿಯುತ್ತಿತ್ತು. ಆ ಕಸದ ಗುಡ್ಡೆಯನ್ನೇ ಕಣಿವೆಗೆ ಅಡ್ಡ ಹಾಕಿ, ಅದರ ಹಿಂದೆ ಕೆಸರು ನೀರು ನಿಲ್ಲಿಸಿದರು.

ಗಣಿ ತ್ಯಾಜ್ಯ ಹಿಡಿದಿಡಲು ಡ್ಯಾಂ ಕಟ್ಟೋದು ಹೊಸದೇನಲ್ಲ. ನಮ್ಮ ಕುದುರೆಮುಖದ ಲಖ್ಯಾ ಡ್ಯಾಂ ಕೂಡ ಕಬ್ಬಿಣದ ಅದಿರಿನ ಹೂಳು ನಿಲ್ಲಿಸಲೆಂದೇ ಕಟ್ಟಿದ್ದು. ಆದರೆ ಅದು ಎಂಜಿನಿಯರುಗಳು ಲೆಕ್ಕ ಹಾಕಿ ಕಟ್ಟಿದ ಅಣೆಕಟ್ಟು. ಬಫಲೋ ಕ್ರೀಕಿನದು ಲಾರಿಯಲ್ಲಿ ತಂದು ಸುರಿದು, ಬುಲ್ಡೋಜರ್ ಓಡಿಸಿದ ರಾಶಿ. ಇಂಥವು ಒಂದರ ಹಿಂದೆ ಒಂದರಂತೆ ಮೂರು ಇದ್ದವು. ಕೊನೆಯ ಮೂರನೇ ಡ್ಯಾಂ 1968ರಲ್ಲಿ ಶುರುವಾಗಿದ್ದು. ಅದರ ಬುಡದ ಕೆಳಗೆ ಗಟ್ಟಿ ನೆಲ ಇರಲಿಲ್ಲ, ಹಳೇ ಡ್ಯಾಂ ಹಿಂದೆ ಶೇಖರವಾಗಿದ್ದ ಕೆಸರಿತ್ತು. ಹೆಚ್ಚಾದ ನೀರು ಹೊರಹೋಗಲು ಸರಿಯಾದ ಕೋಡಿಯೂ ಇಲ್ಲ, ಎರಡು ಅಡಿ ಅಗಲದ ಒಂದು ಪೈಪು ಮಾತ್ರ. ನಮ್ಮೂರಿನ ಕೆರೆಗೆ ಕೋಡಿ ಬಿಡದೆ ಏರಿ ಕಟ್ಟುತ್ತೇವೆ ಅಂದರೆ ಹಳ್ಳಿಯ ಹಿರಿಯರೇ ಬೈದು ಕಳಿಸುತ್ತಾರೆ.

1972ರ ಫೆಬ್ರುವರಿ 26, ಶನಿವಾರ. ಕೆಲವು ದಿನದಿಂದ ಮಳೆ ಹಿಡಿದಿತ್ತು. ರಾತ್ರಿಯೆಲ್ಲಾ ಕಂಪನಿಯ ಜನ ನೀರಿನ ಮಟ್ಟ ನೋಡುತ್ತಿದ್ದರು. ಆದರೆ ಕೆಳಗಿನ ಊರುಗಳಿಗೆ ಖಾಲಿ ಮಾಡಿ ಅಂತ ಕಂಪನಿಯಿಂದ ಎಚ್ಚರಿಕೆ ಹೋಗಲಿಲ್ಲ. ನಾಲ್ಕೇ ದಿನ ಮುಂಚೆ ಫೆಡರಲ್ ಇನ್‌ಸ್ಪೆಕ್ಟರ್ ಬಂದು ನೋಡಿ 'ತೃಪ್ತಿಕರ' ಅಂತ ಬರೆದು ಹೋಗಿದ್ದರು. ಬೆಳಿಗ್ಗೆ ಎಂಟು ಗಂಟೆ ಸುಮಾರಿಗೆ ಡ್ಯಾಂ ಕುಸಿಯಿತು.

ಬಂದ ನೀರು ಸುಮಾರು 50 ಕೋಟಿ ಲೀಟರ್. ನಮ್ಮಲ್ಲಿ ಜಲಾಶಯದ ಲೆಕ್ಕ ಟಿಎಂಸಿಯಲ್ಲಿ ಅಲ್ಲವಾ? ಒಂದು ಟಿಎಂಸಿಯನ್ನು 50 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಇದು ಕಮ್ಮಿ. ಅಷ್ಟೇ ನೀರು, ಇಕ್ಕಟ್ಟಾದ ಕಣಿವೆಯಲ್ಲಿ ಎರಡು-ಮೂರು ಆಳೆತ್ತರದ ಕಪ್ಪು ಗೋಡೆಯಾಗಿ ನುಗ್ಗಿ 16 ಊರುಗಳ ಮೇಲೆ ಹರಿಯಿತು. ಮೊದಲು ಸಿಕ್ಕ ಸಾಂಡರ್ಸ್ ಅನ್ನೋ ಊರು ಪೂರ್ತಿ ಹೋಯಿತು. ಸತ್ತವರು 125, ಗಾಯಗೊಂಡವರು 1,100ಕ್ಕೂ ಹೆಚ್ಚು. ಕಣಿವೆಯಲ್ಲಿದ್ದ ಸುಮಾರು 5,000 ಜನರಲ್ಲಿ 4,000ಕ್ಕೂ ಹೆಚ್ಚು ಮಂದಿಗೆ ಮನೆ ಇಲ್ಲದಂತಾಯಿತು.

ಸಿನಿಮಾ ತೆಗೆದವರು ಯಾರು

ನಿರ್ದೇಶಕಿ ಮಿಮಿ ಪಿಕರಿಂಗ್. ಸಂಸ್ಥೆ ಆ್ಯಪಲ್‌ಶಾಪ್. ಇದು ಪಕ್ಕದ ಕೆಂಟಕಿ ರಾಜ್ಯದ ವೈಟ್ಸ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದ್ದು. ಬಡತನ ನಿವಾರಣೆ ಯೋಜನೆಯ ದುಡ್ಡಿನಲ್ಲಿ ಬೆಟ್ಟದ ಸೀಮೆಯ ಹುಡುಗ-ಹುಡುಗಿಯರಿಗೆ ಸಿನಿಮಾ ಕೆಲಸ ಕಲಿಸಲೆಂದು 1969ರಲ್ಲಿ ಶುರುವಾದದ್ದು. ದೊಡ್ಡ ಟಿವಿ ಕಂಪನಿಗಳು ದುರಂತ ಆದಾಗ ಬಂದು ಹೆಣ, ಕೆಸರು, ಅಳು ತೋರಿಸಿ ಹೋಗುತ್ತವೆ. ಇವರು ಅದೇ ಕಲ್ಲಿದ್ದಲು ಸೀಮೆಯಲ್ಲಿ ಕೆಲಸ ಮಾಡುವವರು. ಅದಕ್ಕೇ ಸಿನಿಮಾ ನಿಂತಿರೋದು ನೀರಿನ ಮೇಲಲ್ಲ, 'ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು' ಅನ್ನೋ ಪ್ರಶ್ನೆಯ ಮೇಲೆ.

ಚಿತ್ರ ಸುಮಾರು 40 ನಿಮಿಷ. ಬದುಕುಳಿದವರು, ಕಾರ್ಮಿಕ ಸಂಘದವರು, ನಾಗರಿಕ ಗುಂಪಿನವರು ಮಾತಾಡುತ್ತಾರೆ. ಕಂಪನಿ ಅಧಿಕಾರಿಗಳಿಗೂ ಜಾಗ ಇದೆ. ಇದು ಮುಖ್ಯ. ಎದುರು ಪಾರ್ಟಿಯ ಮಾತನ್ನೇ ಕೇಳಿಸದೆ ಬೈಯುವ ವಿಡಿಯೋಗಳಿಗೆ ಈಗ ಬರವಿಲ್ಲ. ಇಲ್ಲಿ ಕಂಪನಿಯ ಮಾತೂ ಇದೆ, ಮನೆ ಕಳಕೊಂಡವರ ಮಾತೂ ಇದೆ. ಎರಡನ್ನೂ ಕೇಳಿದ ಮೇಲೆ ನೋಡುವವನಿಗೆ ಬೇರೆಯವರು ತೀರ್ಪು ಹೇಳಬೇಕಾಗಿಲ್ಲ.

ಕಾಗದದ ಮೇಲೂ ವಿಷಯ ಮುಚ್ಚಿಟ್ಟಿರಲಿಲ್ಲ. ರಾಜ್ಯಪಾಲ ಆರ್ಚ್ ಮೂರ್ (ಅಲ್ಲಿ ರಾಜ್ಯಪಾಲರೇ ಸರ್ಕಾರದ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿ ಇದ್ದಂತೆ) ನೇಮಿಸಿದ ಆಯೋಗದ ಮೇಲೆ ಜನಕ್ಕೆ ನಂಬಿಕೆ ಬರದೆ ನಾಗರಿಕರೇ ಬೇರೆ ಆಯೋಗ ಮಾಡಿಕೊಂಡರು. ಕೊನೆಗೆ ಸರ್ಕಾರದ ಆಯೋಗ ಕೂಡ ಪಿಟ್‌ಸ್ಟನ್ ಕಂಪನಿ ಜನರ ಸುರಕ್ಷತೆಯನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ ಅಂತಲೇ ಬರೆಯಿತು. ಅಷ್ಟಾದರೂ ಜೈಲಿಗೆ ಹೋದವರು ಯಾರೂ ಇಲ್ಲ.

ಪರಿಹಾರದ ಲೆಕ್ಕ

600ಕ್ಕೂ ಹೆಚ್ಚು ಮಂದಿ ಒಟ್ಟಾಗಿ 6 ಕೋಟಿ 40 ಲಕ್ಷ ಡಾಲರಿಗೆ ಕೇಸು ಹಾಕಿದರು. 1974ರಲ್ಲಿ 1 ಕೋಟಿ 35 ಲಕ್ಷಕ್ಕೆ ರಾಜಿಯಾಯಿತು. ವಕೀಲರ ಖರ್ಚು ಕಳೆದು ತಲೆಗೆ ಬಂದದ್ದು ಸರಾಸರಿ 13,000 ಡಾಲರ್. ಈ ಕೇಸಿನಲ್ಲಿ ಮನೆ-ಮಠದ ನಷ್ಟದ ಜೊತೆ ಮನಸ್ಸಿಗಾದ ಗಾಯವನ್ನೂ ಲೆಕ್ಕಕ್ಕೆ ತಂದದ್ದು ದೊಡ್ಡ ವಿಷಯ.

ರಾಜ್ಯ ಸರ್ಕಾರದ್ದು ಬೇರೆ ಕಥೆ. ಅದು ಕಂಪನಿ ಮೇಲೆ 10 ಕೋಟಿ ಡಾಲರಿಗೆ ಕೇಸು ಹಾಕಿತ್ತು. 1977ರ ಜನವರಿಯಲ್ಲಿ, ಕುರ್ಚಿ ಬಿಡಲು ಮೂರು ದಿನ ಇರುವಾಗ, ಆರ್ಚ್ ಮೂರ್ 10 ಲಕ್ಷಕ್ಕೆ ರಾಜಿ ಮಾಡಿಕೊಂಡರು. ರೂಪಾಯಿಗೆ ಒಂದು ಪೈಸೆ ಲೆಕ್ಕ. ಆಮೇಲೆ ಕೇಂದ್ರ ಸರ್ಕಾರ ಸ್ವಚ್ಛತೆ ಮಾಡಿದ ಬಿಲ್ಲು ಕಳಿಸಿದಾಗ ಅದಕ್ಕಿಂತ ಎಷ್ಟೋ ಪಟ್ಟು ಹಣ ರಾಜ್ಯದ ಬೊಕ್ಕಸದಿಂದಲೇ, ಅಂದರೆ ಜನರ ಜೇಬಿನಿಂದಲೇ ಹೋಯಿತು.

ಎರಡನೇ ಚಿತ್ರ, ಎರಡನೇ ದುರಂತ

ಪಿಕರಿಂಗ್ ಮತ್ತೆ ಅದೇ ಕಣಿವೆಗೆ ಹೋದರು. 1984ರಲ್ಲಿ ಬಂದ 'ಬಫಲೋ ಕ್ರೀಕ್ ರಿವಿಸಿಟೆಡ್' ಸುಮಾರು ಅರ್ಧ ಗಂಟೆಯ ಚಿತ್ರ. ನೀರು ಇಳಿದು ಹತ್ತು ವರ್ಷವಾದರೂ ಊರುಗಳು ಯಾಕೆ ಮತ್ತೆ ಊರಾಗಲಿಲ್ಲ ಅನ್ನೋದು ಇದರ ವಿಷಯ. ಎರಡರಲ್ಲಿ ಒಂದನ್ನೇ ನೋಡುವಷ್ಟು ಬಿಡುವಿದ್ದರೆ ಮೊದಲನೆಯದನ್ನು ನೋಡಬೇಕು. ಆದರೆ ಹೆಚ್ಚು ದಿನ ತಲೆಯಲ್ಲಿ ಉಳಿಯೋದು ಎರಡನೆಯದು.

ನಿರಾಶ್ರಿತರನ್ನು ಸರ್ಕಾರ ಟ್ರೇಲರ್ ಮನೆಗಳ ಶಿಬಿರಗಳಿಗೆ ಹಾಕಿತು. ಯಾರು ಮೊದಲು ಬಂದರೋ ಅವರಿಗೆ ಮೊದಲ ಟ್ರೇಲರ್. ಹೀಗಾಗಿ ಪಕ್ಕದ ಮನೆಯವರು, ನೆಂಟರು, ಚರ್ಚಿಗೆ ಜೊತೆಗೆ ಹೋಗುತ್ತಿದ್ದವರು ಒಬ್ಬೊಬ್ಬರು ಒಂದೊಂದು ಕಡೆ ಚದುರಿಹೋದರು. ಇಲ್ಲಿನ ಜನರನ್ನು ಮಾತಾಡಿಸಿದ ಸಮಾಜಶಾಸ್ತ್ರಜ್ಞ ಕೈ ಎರಿಕ್ಸನ್ 1976ರಲ್ಲಿ ಪುಸ್ತಕವನ್ನೇ ಬರೆದರು. ಪ್ರವಾಹ ಕೊಟ್ಟದ್ದು ಒಂದು ಪೆಟ್ಟು, ನೆರೆಹೊರೆ ಒಡೆದದ್ದು ಇನ್ನೊಂದು ಪೆಟ್ಟು ಅನ್ನೋದು ಅವರ ವಾದ. ಮಾತು ಕೊಟ್ಟಿದ್ದ 750 ಸರ್ಕಾರಿ ಮನೆಗಳ ಬದಲು ಎದ್ದದ್ದು 17 ಮಾದರಿ ಮನೆ, 90 ಅಪಾರ್ಟ್‌ಮೆಂಟು. ಸುತ್ತಲಿನ ಜಮೀನೆಲ್ಲ ಕಂಪನಿಗಳ ಕೈಯಲ್ಲಿದ್ದಾಗ ಬಡವ ಸ್ವಂತಕ್ಕೆ ಕಟ್ಟೋಣ ಅಂದರೂ ಜಾಗ ಎಲ್ಲಿ?

ಒಂದು ಕೆಲಸ ಮಾತ್ರ ಬೇಗ ಆಯಿತು. ದೇಶದ ಡ್ಯಾಂಗಳನ್ನು ತಪಾಸಣೆ ಮಾಡಿಸುವ ಕಾನೂನಿಗೆ 1972ರ ಆಗಸ್ಟಿನಲ್ಲೇ ಸಹಿ ಬಿತ್ತು. ಅದೇ ಜೂನ್‌ನಲ್ಲಿ ಸೌತ್ ಡಕೋಟಾದ ರ‍್ಯಾಪಿಡ್ ಸಿಟಿಯಲ್ಲಿ ಪ್ರವಾಹಕ್ಕೆ ಡ್ಯಾಂ ಒಡೆದು 238 ಜನ ಸತ್ತದ್ದೂ ಅದಕ್ಕೆ ಕಾರಣ.

ಮೊದಲ ಚಿತ್ರ 2005ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ ಸೇರಿತು. ಕಾಪಾಡಿ ಇಡಲೇಬೇಕು ಅಂತ ದೇಶ ಗುರುತಿಸುವ ಚಿತ್ರಗಳ ಪಟ್ಟಿ ಅದು. ನೋಡುವವರು ಒಂದು ವಿಷಯ ತಿಳಿದಿರಬೇಕು: ಬೆಟ್ಟದ ಸೀಮೆಯ ಇಂಗ್ಲಿಷ್ ಕಿವಿಗೆ ಹತ್ತಲು ಐದು-ಹತ್ತು ನಿಮಿಷ ಬೇಕು.

2022ರಲ್ಲೂ ಆ್ಯಪಲ್‌ಶಾಪ್ ವೈಟ್ಸ್‌ಬರ್ಗ್‌ನಲ್ಲೇ ಇತ್ತು. 2022ರ ಜುಲೈ ಕೊನೆಯಲ್ಲಿ ಪೂರ್ವ ಕೆಂಟಕಿಗೆ ಭಾರಿ ಪ್ರವಾಹ ಬಂದಾಗ ನದಿ ನೀರು ಸಂಸ್ಥೆಯ ಕಟ್ಟಡಕ್ಕೂ ನುಗ್ಗಿತು. ಐದು ದಶಕ ಕೂಡಿಟ್ಟ ಫಿಲ್ಮು, ಟೇಪು, ಫೋಟೋಗಳ ಸಂಗ್ರಹ ಕೆಸರಿನಲ್ಲಿ ಮುಳುಗಿತು. ಒಂದೊಂದನ್ನೇ ಎತ್ತಿ, ತೊಳೆದು, ಒಣಗಿಸಿ ಉಳಿಸುವ ಕೆಲಸ ಆಮೇಲೆ ಶುರುವಾಯಿತು.