ಚಿನ್ನದ ಗಣಿಯಲ್ಲಿ ನಡೆದ ಕಾವಿನ ಪರೀಕ್ಷೆ

ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆ, ಪಂಪ್‌ಸೆಟ್‌ಗಳಿಗೆ ಕರೆಂಟು ತರುವ ವಿದ್ಯುತ್ ಜಾಲದಲ್ಲಿ ಕೈಗಾ ಅಣು ಸ್ಥಾವರದ ಪಾಲೂ ಇದೆ. ದೀಪ ಆರಿಸಿದರೆ ನಮ್ಮ ಬಳಕೆ ಮುಗಿಯಿತು. ಅಣು ಇಂಧನ ಉಳಿಸಿಹೋಗುವ ತ್ಯಾಜ್ಯದ ಕಥೆ ಅಷ್ಟಕ್ಕೆ ಮುಗಿಯದು. ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು ಸುಮಾರು 24 ಸಾವಿರ ವರ್ಷ ಬೇಕು.

ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನೊಡನೆ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ಗಟ್ಟಿಯಾಗಿಸಿ, ದಶಕಗಳ ಕಾಲ ತಣಿಸಿ, ಕೊನೆಗೆ ಆಳದ ಬಂಡೆಯಲ್ಲಿ ಹುಗಿಯಬೇಕೆಂಬುದು ವಿಜ್ಞಾನಿಗಳ ಯೋಚನೆ. ಆದರೆ ಡಬ್ಬಿಯ ಕಾವಿಗೆ ಬಂಡೆ ಬಿರಿದರೆ? ಆ ಬಿರುಕಿಗೆ ನೀರು ಇಳಿದರೆ?

ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಅಲ್ಲಿ ಸುಮಾರು 1000 ಮೀಟರ್ ಆಳದಲ್ಲಿ, ಕೆಲಸ ನಿಂತಿದ್ದ ಭಾಗವೊಂದರಲ್ಲಿ, ವಿದ್ಯುತ್ ಹೀಟರುಗಳಿಂದ ಬಂಡೆಯನ್ನು ಕಾಯಿಸಿ, ಅದು ಹೇಗೆ ತಾಳಿಕೊಳ್ಳುತ್ತದೆಂದು ಅಳೆದರು. ಅಲ್ಲಿ ಇಟ್ಟದ್ದು ಕಾವನ್ನು ಮಾತ್ರ, ತ್ಯಾಜ್ಯವನ್ನಲ್ಲ.

2001ರಲ್ಲಿ ಗಣಿ ಮುಚ್ಚಿತು. 2012ರ ನವೆಂಬರಿನಲ್ಲಿ ಕೂಡಂಕುಳಂ ಮೊಕದ್ದಮೆಯ ವಿಚಾರಣೆಯಲ್ಲಿ, ತ್ಯಾಜ್ಯ ಹೂಳುವ ಜಾಗವೆಂದು ಸುಪ್ರೀಂ ಕೋರ್ಟಿನ ಮುಂದೆ ಕೆಜಿಎಫ್ ಹೆಸರು ಬಂದೊಡನೆ ಕೋಲಾರದ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲವೆಂದು ಅಣುಶಕ್ತಿ ಅಧಿಕಾರಿಗಳು ಸ್ಪಷ್ಟಪಡಿಸಬೇಕಾಯಿತು.

ಬಂಡೆಯ ಪರೀಕ್ಷೆ ನಡೆದಿತ್ತು, ಊರಿನವರೊಡನೆ ಮಾತುಕತೆ ನಡೆದಿರಲಿಲ್ಲ. ತ್ಯಾಜ್ಯವನ್ನು ಎಲ್ಲಿಯೇ ಹುಗಿಯಲಿ, ಮೇಲೆ ಬಾಳುವವರನ್ನು ಮೊದಲು ಕೇಳಬೇಕೆಂಬುದು ಕೋಲಾರದ ಪಾಠ. ಕರೆಂಟು ಬಳಸುವ ನಮಗೂ ಆ ಹೊಣೆಯಲ್ಲಿ ಪಾಲಿದೆ.